ಎಡೆಗಿಟ್ಟ ಬಾನ್ ಮಿ

ಹೈದರಾಬಾದಿನಲ್ಲಿ ಒಳ್ಳೆಯ ಬಿರಿಯಾನಿ ಎಲ್ಲಿ ಸಿಗುತ್ತದೆ ಎಂದು ನಾಲ್ಕು ಜನರ ಮುಂದೆ ಕೇಳಿ ನೋಡಿ, ಅಲ್ಲೇ ಜಗಳ ಹತ್ತಿಕೊಳ್ಳುತ್ತದೆ. ಒಳ್ಳೆಯ ಬಾನ್ ಮಿ ಎಲ್ಲಿ ಸಿಗುತ್ತದೆ ಎಂದು ಕೇಳಿದರೆ ಜಗಳಕ್ಕೂ ಯಾರೂ ಬರುವುದಿಲ್ಲ. ಅದೇನು ಎಂದು ಮುಖ ನೋಡುತ್ತಾರೆ. ವಿಯೆಟ್ನಾಮಿನವರ ಸ್ಯಾಂಡ್‌ವಿಚ್ಚು ಮಾರಾಯ್ರೇ, ಎಂದು ಶ್ರೀವಿದ್ಯಾ ವಿವರಿಸುತ್ತಿದ್ದಳು. ಗೇಣುದ್ದದ ಬ್ರೆಡ್ಡು, ಹೊರಗೆ ಹಪ್ಪಳದ ಹಾಗೆ ಗರಿಗರಿ, ಒಳಗೆ ಹತ್ತಿಯಷ್ಟು ಹಗುರ. ಅದನ್ನು ಉದ್ದಕ್ಕೆ ಸೀಳಿ ಒಳಗೆ ಹುಳಿಗೆ ಹಾಕಿದ ಕ್ಯಾರೆಟ್ಟು, ಮೂಲಂಗಿ, ಸೌತೆಕಾಯಿ, ದಂಟಿನ ಸಮೇತ ಕೊತ್ತಂಬರಿ, ಹಸಿಮೆಣಸು, ಜತೆಗೆ ಮಾಂಸವೋ ಹುರಿದ ಮೊಟ್ಟೆಯೋ. ಇಷ್ಟೇ. ಇಷ್ಟನ್ನು ನೆಟ್ಟಗೆ ಮಾಡಲಿಕ್ಕೆ ಈ ಊರಿನ ಕೆಫೆಗಳಿಗೆ ಏನು ಧಾಡಿ ಎಂದು ಅವಳ ಸಿಟ್ಟು.

ಸಿಟ್ಟು ಅನ್ಯಾಯದ್ದೇನೂ ಅಲ್ಲ. ಎರಡು ವರ್ಷದಲ್ಲಿ ಅವಳು ತಿಂದದ್ದನ್ನು ಕೇಳಿ. ಒಂದು ಕಡೆ ಬರ್ಗರ್ ಬನ್ನಿನಲ್ಲಿ ತುಂಬಿ ಕೊಟ್ಟರು. ಇನ್ನೊಂದು ಕಡೆ ಪುದೀನ ಚಟ್ನಿ ಬಳಿದು ಪನೀರ್ ಟಿಕ್ಕಾ ತುರುಕಿದರು. ಮತ್ತೊಂದು ಎಸಿ ಕೆಫೆಯಲ್ಲಿ ಬ್ರೆಡ್ಡು ಎಷ್ಟು ಗಟ್ಟಿಯಿತ್ತೆಂದರೆ ಒಸಡು ತರಚಿ ರಕ್ತ ಬಂತು. ಮ್ಯಾನೇಜರ್ ಓಡಿಬಂದು, ಇದೇ ಅಥೆಂಟಿಕ್ ಮೇಡಂ ಎಂದ. ಅಥೆಂಟಿಕ್ ಅಂತೆ, ಅವನ ತಲೆ. ಅಲ್ಲೆಲ್ಲ ಅವಳ ಎದುರಿಗೆ ಗಂಡ ದಿನೇಶ ಕೂತು, ಏನೂ ಹೇಳದೆ ಅರ್ಧ ತಿಂದು ಕೈ ಒರೆಸಿಕೊಳ್ಳುತ್ತಿದ್ದ.

ಹಾಗೆ ಸುಮ್ಮನೆ ತಿನ್ನುವವನಾಗಿರಲಿಲ್ಲ ಅವನು. ಕಂಪನಿ ಅವನನ್ನು ಮೂರು ವರ್ಷ ವಿಯೆಟ್ನಾಮಿನ ಸೈಗಾನಿಗೆ ಕಳಿಸಿದಾಗ ಅವಳೂ ಜತೆಗಿದ್ದಳು. ಅವರ ಗಲ್ಲಿಯ ಬಾಯಲ್ಲಿ ಒಬ್ಬ ಅಜ್ಜಿ ತಳ್ಳುಗಾಡಿ ಇಟ್ಟುಕೊಂಡಿದ್ದಳು. ದಿನಾ ಬೆಳಿಗ್ಗೆ ಅಲ್ಲಿ ಒಂದೇ ಬಾನ್ ಮಿ ಕೊಂಡು ಇಬ್ಬರೂ ಮುರಿದು ತಿನ್ನುತ್ತಿದ್ದರು. ಮುರಿಯುವ ಮೊದಲು ಶ್ರೀವಿದ್ಯಾ ಬ್ರೆಡ್ಡನ್ನು ಕಿವಿಗೆ ಹಿಡಿದು ಮೆಲ್ಲಗೆ ಒತ್ತಬೇಕು, ಚಟಚಟ ಸದ್ದು ಬರಬೇಕು, ಅಜ್ಜಿ ಬೊಚ್ಚುಬಾಯಿ ತೆರೆದು ನಗಬೇಕು. ತಿಂದ ಮೇಲೆ ಒಂದು, ಎರಡು, ಮೂರು ಎಂದು ಎಣಿಸಿ ಇಬ್ಬರೂ ಒಟ್ಟಿಗೆ ಬೆರಳು ತೋರಿಸಬೇಕು, ಹತ್ತಕ್ಕೆ ಎಷ್ಟು ಅಂತ. ಬೇರೆ ಗಾಡಿಗಳಿಗೆ ಆರು, ಏಳು. ಅಜ್ಜಿಯದಕ್ಕೆ ಯಾವತ್ತೂ ಇಬ್ಬರದೂ ಹತ್ತು.

ಹೈದರಾಬಾದಿಗೆ ಬಂದ ಮೇಲೆ ಏನಾಯಿತು ಎಂದರೆ ಹೇಳುವಂಥ ದೊಡ್ಡ ಕಥೆಯಿಲ್ಲ. ಯಾರೂ ಯಾರಿಗೂ ಮೋಸ ಮಾಡಲಿಲ್ಲ. ಅವಳಿಗೆ ಬೇಕಾದ ಕೆಲಸ ಸಿಗಲಿಲ್ಲ, ಸಿಕ್ಕಿದ ಕೆಲಸ ಬೇಕಾಗಲಿಲ್ಲ. ಅಮೀರ್‌ಪೇಟ್‌ನ ಹಾಸ್ಟೆಲುಗಳ ಸಂದಿಯಲ್ಲಿ ಬಿಸಿಲು ಬಾರದ ಫ್ಲ್ಯಾಟು. ಅವಳು ಸಿಲಿಂಡರಿಗೆ ಜಗಳವಾಡಿದಳು, ಒದ್ದೆ ಟವೆಲ್ಲಿಗೆ ಜಗಳವಾಡಿದಳು, ಅವನ ಮೌನಕ್ಕಂತೂ ಕಂಡಾಬಟ್ಟೆ ಜಗಳವಾಡಿದಳು. ಅವನು ಪ್ರತಿಸಲವೂ ಇನ್ನೊಂದಿಷ್ಟು ಒಳಗೆ ಸರಿದ. ಶನಿವಾರ ಬೆಳಿಗ್ಗೆ ಮಾತ್ರ ಬ್ಯಾಡ್ಮಿಂಟನ್ ಎಂದು ಬ್ಯಾಟಿನ ಚೀಲ ಹೆಗಲಿಗೇರಿಸಿ ಉತ್ಸಾಹದಿಂದ ಹೊರಡುತ್ತಿದ್ದ. ಜುಲೈಯಲ್ಲಿ ಒಂದು ದಿನ, "ನನ್ನ ಕೈಲಿ ಆಗ್ತಿಲ್ಲ ಶ್ರೀ. ಬೇರೆ ಬೇರೆ ಇದ್ದುಬಿಡೋಣ" ಎಂದ. ಅವಳು ಅತ್ತಳು, ಬೈದಳು, ಕೊನೆಗೆ ದಸರಾ ತನಕ ತಡಿ ಮಾರಾಯ ಎಂದು ಬೇಡಿಕೊಂಡಳು. ಅವನು ಒಪ್ಪಿದ. ಉಡುಪಿಯಲ್ಲಿದ್ದ ತನ್ನ ತಾಯಿಗೆ ಅವಳು ಏನನ್ನೂ ಹೇಳಿರಲಿಲ್ಲ.

ಅಂದಿನಿಂದ ಅವಳ ತಲೆಯಲ್ಲಿ ಒಂದು ಹುಚ್ಚು ಆಸೆ ಕೂತುಬಿಟ್ಟಿತು. ಅಜ್ಜಿಯ ಕೈಯದರಂಥ ಒಂದೇ ಒಂದು ಬಾನ್ ಮಿ ಈ ಊರಿನಲ್ಲಿ ಸಿಕ್ಕಿದರೆ ಸಾಕು, ಅದನ್ನು ತಂದು ಅವನ ಮುಂದೆ ಇಟ್ಟರೆ ಸಾಕು, ಅವನು ಬೆರಳು ಎತ್ತಿಯೇ ಎತ್ತುತ್ತಾನೆ. ಬೆರಳು ಎತ್ತಿದವನು ಬಿಟ್ಟುಹೋಗಲಾರ. ನಗಬೇಡಿ. ಮುಳುಗುವವಳು ಏನು ಸಿಕ್ಕಿದರೂ ಹಿಡಿದುಕೊಳ್ಳುತ್ತಾಳೆ, ಇವಳ ಕೈಗೆ ಸಿಕ್ಕಿದ್ದು ಬ್ರೆಡ್ಡು.

ಸೆಪ್ಟೆಂಬರಿನ ಒಂದು ಭಾನುವಾರ ಮೆಟ್ರೊ ನಿಲ್ದಾಣದ ಪಕ್ಕ ಹೊಸದಾಗಿ ತೆರೆದ ಕೆಫೆಗೆ ಒಬ್ಬಳೇ ಹೋದಳು. ಒಳಗಿನ ಮಸಾಲೆಯೆಲ್ಲ ಎಂದಿನಂತೆ ರಾಡಿ. ಆದರೆ ಬ್ರೆಡ್ಡು! ಅಭ್ಯಾಸಬಲದಿಂದ ಕಿವಿಗೆ ಹಿಡಿದು ಒತ್ತಿದಳು, ಅದು ಚಟಚಟ ಎಂದಿತು. ಕೌಂಟರಿನಲ್ಲಿದ್ದ ತನ್ವಿ ಎಂಬ ಹುಡುಗಿಯನ್ನು ಹಿಂದಿಯಲ್ಲಿ ಪೀಡಿಸಿ ಪೀಡಿಸಿ, ಬ್ರೆಡ್ಡು ಕುಷಾಯಿಗೂಡದ ಒಂದು ಸಣ್ಣ ಬೇಕರಿಯಿಂದ ಬರುತ್ತದೆ ಎಂದು ತಿಳಿದುಕೊಂಡಳು.

ಮರುದಿನ ಸೋಮವಾರ. ದಿನೇಶ ಬೆಳಿಗ್ಗೆ ಎಂದಿಗಿಂತ ಬೇಗ ತಲೆಗೆ ಸ್ನಾನ ಮಾಡಿ, ಬಿಳಿ ಶರ್ಟು ಹಾಕಿಕೊಂಡು, ತಿಂಡಿ ಬೇಡ ಎಂದು ಹೊರಟ. ಮಾಡಿಟ್ಟ ಉಪ್ಪಿಟ್ಟು ಯಾರು ತಿನ್ನಬೇಕು ಎಂದು ಅವಳು ಬಾಗಿಲ ತನಕ ಬಂದು ರೇಗಿದಳು. ಅವನು ತಿರುಗಿ ನೋಡಲಿಲ್ಲ. ಅವಳು ತನ್ನ ಆ ಬೇಡದ ಕೆಲಸಕ್ಕೆ ರಜೆ ಹಾಕಿ, ಹಬ್ಸಿಗೂಡದವರೆಗೆ ಮೆಟ್ರೊದಲ್ಲಿ, ಅಲ್ಲಿಂದ ಬಸ್ಸಿನಲ್ಲಿ ಕುಷಾಯಿಗೂಡಕ್ಕೆ ಹೋದಳು.

ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಕಾಲೊನಿ ದಾಟಿದ ಮೇಲೆ ಒಂದು ಗಲ್ಲಿಯ ತುದಿಗೆ ತಗಡಿನ ಮಾಡಿನ ಬೇಕರಿ. ಮುಂದುಗಡೆ ಮೊಟ್ಟೆ ಹುರಿಯುವ ತವೆ, ಹಿಂದೆ ಕಟ್ಟಿಗೆಯ ಭಟ್ಟಿ. ಒಳಗಿನಿಂದ ಗಂಡಸಿನ ದನಿ ಕೇಳಿತು: "ಏ, ಭಟ್ಟಿ ಬಾಗಿಲಾ ಯಾಕ ತೆರದಿ? ಝಳ ಎಲ್ಲಾ ಹೊರಗ ಹೊಂಟೈತಲ್ಲ!"

ಕನ್ನಡ! ಶ್ರೀವಿದ್ಯಾಳಿಗೆ ನಗುವೇ ಬಂದುಬಿಟ್ಟಿತು. "ನಮಸ್ಕಾರ, ಬ್ರೆಡ್ಡು ಸಿಗುತ್ತದಾ?" ಎಂದಳು.

ತಲೆಗೆ ಟವೆಲ್ಲು ಸುತ್ತಿದ್ದ ಅರವತ್ತರ ಹತ್ತಿರದ ಮನುಷ್ಯ ಹೊರಗೆ ಬಂದ. ಹೆಸರು ಗೊಲ್ಲಾಳಪ್ಪ, ಊರು ಶಹಾಪುರದ ಕಡೆ. "ಬರ್ರಿ ಅವ್ವಾರ, ಒಳಗ ಬರ್ರಿ. ಕನ್ನಡದವ್ರು ಅಂದಮ್ಯಾಲೆ ಹೊರಗ ನಿಂದರತಾರೇನ್ರಿ?" ಎಂದು ಸ್ಟೂಲು ಒರೆಸಿ ಹಾಕಿದ.

ಈ ಬ್ರೆಡ್ಡು ನಿಮಗೆ ಎಲ್ಲಿಂದ ಬಂತು ಎಂದು ಅವಳು ಕೇಳಿದಳು. ಅವನಿಗೂ ಅದನ್ನೇ ಯಾರಾದರೂ ಕೇಳಬೇಕಾಗಿತ್ತು.

"ಇಪ್ಪತ್ತ ವರ್ಷ ಮೆಹದಿಪಟ್ಟಣಂದಾಗ ಬೇಕರಿ ಭಟ್ಟಿ ಮುಂದ ನಿಂತೀನ್ರಿ. ಪಾವ್, ಬನ್ನು, ಬಿಸ್ಕೀಟು. ಇಂಥಾದೊಂದು ಬ್ರೆಡ್ ಐತಿ ಅನ್ನೋದಾ ಗೊತ್ತಿರಲಿಲ್ಲ. ಒಬ್ಬರು ಸಾಹೇಬರು ಕಲಿಸಿದ್ರು. ನಮ್ಮ ಕನ್ನಡದವ್ರಾ, ಮೈಸೂರು ಕಡೆಯವ್ರು. ಇಲ್ಲಿ ಕಾರ್ಖಾನಿ ಕೆಲಸಕ್ಕಂತ ಬಂದಾವ್ರು ನನ್ನ ಪಾವ್ ತಿಂದು, ಗೊಲ್ಲಾಳಪ್ಪ, ನಿನ್ನ ಕೈ ಚಲೋ ಐತಿ, ಒಂದು ಹೊಸಾದು ಮಾಡೂಣೇನು ಅಂದ್ರು. ಅವತ್ತಿಂದ ಶನಿವಾರ ತಪ್ಪಸಂಗಿಲ್ಲ. ಹೆಗಲಿಗೆ ಬ್ಯಾಟಿನ ಚೀಲ ಇರ್ತೈತಿ. ಅದನ್ನ ಆ ಮೂಲ್ಯಾಗ ಇಟ್ಟು, ತೋಳ ಏರಿಸಿ ಹಿಟ್ಟ ನಾದಾಕ ನಿಂತಬಿಡ್ತಾರ."

ಶ್ರೀವಿದ್ಯಾ ಮೂಲೆಯನ್ನು ನೋಡಿದಳು. ಅಲ್ಲಿ ಮೈದಾಹಿಟ್ಟಿನ ಚೀಲಗಳಿದ್ದವು.

"ಆರು ತಿಂಗಳ ಕೆಡಿಸೀವ್ರಿ. ಒಮ್ಮೆ ಕಲ್ಲ, ಒಮ್ಮೆ ಇದ್ದಿಲಿ. ಸಾಹೇಬರು ಒಂದಿನಾನೂ ಬ್ಯಾಸರ ಮಾಡ್ಕೊಳ್ಳಲಿಲ್ಲ. ಬ್ರೆಡ್ ಕಿವಿಗೆ ಹಿಡದು ಒತ್ತಾವ್ರು. ಚಟಚಟ ಅಂದ್ರ ಸಣ್ಣ ಹುಡುಗರಂಗ ನಗಾವ್ರು. ಇಲ್ಲಂದ್ರ, ಮತ್ತೊಂದ ಸಲ ಮಾಡೂಣು ಅನ್ನಾವ್ರು."

ಎರಡು ವರ್ಷದಿಂದ ಕೊಳೆಯಾಗದ ಅವನ ಬ್ಯಾಡ್ಮಿಂಟನ್ ಶೂಗಳು ಅವಳ ಕಣ್ಣ ಮುಂದೆ ಬಂದವು. ಆ ಶೂ ನೋಡಿ ಅವಳು ಯಾವುದೋ ಹೆಂಗಸನ್ನು ಊಹಿಸಿಕೊಂಡು ಎಷ್ಟು ದಿನ ನಿದ್ದೆಗೆಟ್ಟಿದ್ದಳು! ಅಯ್ಯೋ ಕತ್ತೆ, ಎಂದು ತನ್ನನ್ನೇ ಬೈದುಕೊಂಡಳು. ಅವನೂ ಹುಡುಕುತ್ತಿದ್ದ. ಸಿಗದೆ ಹೋದದ್ದನ್ನು ತಾನೇ ಮಾಡಿಸುತ್ತಿದ್ದ. ಬಾಯಲ್ಲಿ ಬೇರೆ ಇರೋಣ ಎಂದರೂ, ಪ್ರತಿ ಶನಿವಾರ ಇಷ್ಟು ದೂರ ಬಂದು ಹಿಟ್ಟು ನಾದಿದ್ದು ಮತ್ತೆ ಯಾರಿಗಾಗಿ? ದಸರಾ ದಿನ ತಂದು ಎದುರಿಗೆ ಇಡುತ್ತಾನೆ, ಕಳ್ಳ. ಸಾಹೇಬರ ಹೆಸರು ಕೇಳುವ ಅಗತ್ಯವೇ ಅವಳಿಗೆ ಕಾಣಲಿಲ್ಲ.

ಅಷ್ಟರಲ್ಲಿ ಗೊಲ್ಲಾಳಪ್ಪನ ಹೆಂಡತಿ ಪಾರ್ವತೆಮ್ಮ ಹೊರಗೆ ಬಂದಳು. ಬಂದವಳ ಹಣೆ ನೋಡಿದಳು, ಕೊರಳು ನೋಡಿದಳು, ಕಾಲುಂಗುರ ನೋಡಿದಳು.

"ಯವ್ವಾ, ದೇವರು ಕಳಿಸಿದಂಗ ಬಂದಿ ನೋಡು. ಇವತ್ತ ಪಕ್ಷದ ನವಮಿ. ಮುತ್ತೈದಿಯಾಗಿ ಹೋದಾಕಿಗೆ ಎಡಿ ಇಡಾಕತ್ತೀವಿ. ಒಬ್ಬಾಕಿ ಮುತ್ತೈದಿಗೆ ಉಡಿ ತುಂಬಿ ಉಣಿಸಬೇಕು. ಬಾಜೂಮನಿ ರೇಣುಕಾ ಬರ್ತೀನಂದಿದ್ಲು, ಮಗೀಗೆ ಜ್ವರ ಬಂತಂತ ದವಾಖಾನಿಗೆ ಓಡ್ಯಾಳ. ಹೊತ್ತು ನೆತ್ತಿಗೆ ಬಂತು. ನೀ ಕುಂದರು ಯವ್ವಾ, ಭಾಳ ಉಪಕಾರ ಆಗ್ತೈತಿ."

"ಹೋದದ್ದು ಯಾರು?" ಎಂದು ಶ್ರೀವಿದ್ಯಾ ಕೇಳಿದಳು.

"ತಂಗಿ ಇದ್ದಂಗ ಅಂತ ತಿಳಕೋ. ನಿನ್ನ ವಯಸ್ಸಿನಾಕಿ. ಪಾಪ."

ಶ್ರೀವಿದ್ಯಾ ಒಪ್ಪಿದಳು. ಅವರ ಮನೆಯಲ್ಲೂ ದೊಡ್ಡಮ್ಮನ ಹೆಸರಿನಲ್ಲಿ ಹೀಗೆ ಮುತ್ತೈದೆಗೆ ಬಡಿಸುತ್ತಿದ್ದರು. ಅವತ್ತಿನ ಅವಳ ಖುಷಿಗೆ ಯಾರು ಏನು ಕೇಳಿದ್ದರೂ ಇಲ್ಲ ಎನ್ನುತ್ತಿರಲಿಲ್ಲ. ಬೇಕರಿಯ ಹಿಂದಿನ ಸಣ್ಣ ಕೋಣೆಯಲ್ಲಿ ಮಣೆ ಹಾಕಿದ್ದರು. ಪಾರ್ವತೆಮ್ಮ ಅವಳ ಕಾಲು ತೊಳೆದು, ಕುಂಕುಮ ಹಚ್ಚಿ, ಎರಡೂ ಕೈಗೆ ಹಸಿರು ಬಳೆ ತೊಡಿಸಿದಳು. ಉಡಿಗೆ ಅಕ್ಕಿ, ಕಾಯಿ, ಎಲೆ ಅಡಿಕೆ, ಒಂದು ರವಿಕೆ ಕಣ ಹಾಕಿದಳು. ಕಣ ಅಚ್ಚ ನೇರಳೆ ಬಣ್ಣದ್ದು, ಸಣ್ಣ ಜರಿಯಂಚು. ನನಗೆ ಇಷ್ಟದ ಬಣ್ಣ ಎಂದುಕೊಂಡಳು. ಆಮೇಲೆ ಮುಂದಕ್ಕೆ ಬಾಳೆಲೆ ಬಂತು. ಎಲೆಯ ಮೇಲೆ ಅನ್ನವಿಲ್ಲ, ಹೋಳಿಗೆಯಿಲ್ಲ, ಒಂದು ಬಾನ್ ಮಿ.

ಅವಳು ನಕ್ಕುಬಿಟ್ಟಳು. "ಎಡೆಗೆ ಇದಾ ಪಾರ್ವತೆಮ್ಮ?"

"ಆಕಿಗೆ ಇದಾ ಸೇರ್ತಿತ್ತಂತ. ತತ್ತಿ ಒಂದು, ಹಸಿಮೆಣಸಿನಕಾಯಿ ಜಾಸ್ತಿ, ಸೌತಿಕಾಯಿ ಮಾತ್ರ ಹಾಕಬ್ಯಾಡ್ರಿ, ಹಲ್ಲಿಗೆ ತಂಪು ಹತ್ತತೈತಿ ಅಂತಿದ್ಲಂತ. ಸಾಹೇಬರು ಎಲ್ಲಾ ಬಿಡಿಸಿ ಹೇಳ್ಯಾರ."

ಸೌತೆಕಾಯಿ. ಅಜ್ಜಿಯ ಗಾಡಿಯ ಮುಂದೆ ದಿನಾ ಅವಳೇ ಹೇಳುತ್ತಿದ್ದ ಮಾತು ಅದು. ಶ್ರೀವಿದ್ಯಾಳ ನಗು ಮುಖದಲ್ಲೇ ನಿಂತಿತು. ಪಾರ್ವತೆಮ್ಮ ಎಲೆಯ ಸುತ್ತ ನೀರು ಬಿಟ್ಟು, ಊದಿನಕಡ್ಡಿ ಬೆಳಗಿ, ಸೆರಗು ತಲೆಗೆಳೆದುಕೊಂಡು ಕೈ ಮುಗಿದಳು.

"ಶ್ರೀವಿದ್ಯವ್ವಾ, ಎಲ್ಲಿದ್ರೂ ಬಾ ಯವ್ವಾ. ನಿನ್ನ ಗಂಡ ದಿನೇಶ ಸಾಹೇಬರು ನಿನ್ನ ಮರತಿಲ್ಲ. ಬಂದು ಉಣ್ಣು, ತೃಪ್ತಿಯಾಗು."

ಭಟ್ಟಿಯಲ್ಲಿ ಕಟ್ಟಿಗೆ ಸಿಡಿಯುವ ಸದ್ದು ಕೇಳಿಸುತ್ತಿತ್ತು. ಶ್ರೀವಿದ್ಯಾಳಿಗೆ ಮೊದಲು ಏನೂ ಅನ್ನಿಸಲಿಲ್ಲ. ಯಾರದೋ ದನಿಯಲ್ಲಿ, "ಏನಾಗಿತ್ತು ಅವಳಿಗೆ?" ಎಂದು ಕೇಳಿದಳು.

ಬಾಗಿಲಲ್ಲಿ ನಿಂತಿದ್ದ ಗೊಲ್ಲಾಳಪ್ಪ ಹೇಳಿದ. "ಆ ವಿಯೆಟ್ನಾಮ್ ದೇಶದಾಗಾ ಜ್ವರ ಬಂದು ಮೂರ ದಿನಕ್ಕ ಹೋದ್ರಂತ. ನಂದಾ ತಪ್ಪರಿ. ಪ್ರತಿ ವಾರ ಅಕ್ಕಾರನ್ನ ಕರಕೊಂಡ ಬರ್ರಿ, ಅಕ್ಕಾರನ್ನ ಕರಕೊಂಡ ಬರ್ರಿ ಅಂತ ಗಂಟ ಬಿದ್ದಿದ್ದೆ. ಒಂದಿನ ಹೇಳಿಬಿಟ್ರು. ಹೇಳಿ, ಆ ಹಿಟ್ಟಿನ ಚೀಲದ ಮ್ಯಾಲ ಕುಂತು ಅತ್ತರು ನೋಡ್ರಿ, ಗಂಡಸರು ಹಂಗ ಅಳೋದು ನಾ ನೋಡಿಲ್ಲ. ಆಕಿ ನಕ್ಕರ ಬ್ರೆಡ್ಡಿನ ಪುಡಿ ಮೂಗಿನ ಮ್ಯಾಲ ಕುಂದರತಿತ್ತಂತ. ಹೋದಲ್ಲಿ ಬಂದಲ್ಲಿ ಎಲ್ಲಾರನ್ನೂ ಮಾತಾಡಸ್ತಿದ್ಲಂತ. ಅಂಥಾಕಿ ಮತ್ತ ಹುಟ್ಟಂಗಿಲ್ಲ ಗೊಲ್ಲಾಳಪ್ಪ ಅಂತಾರ, ಈಗೂ."

"ಅವರಿಗೆ ಇಲ್ಲಿ ಯಾರದಾರ ಹೇಳು? ಒಬ್ಬರಾ ಇರ್ತಾರ. ಅದಕ್ಕ ನಾನಾ ಅಂದೆ, ಎಡಿ ನಾವ ಇಡ್ತೀವಿ, ನೀವು ಉಪಾಸ ಇದ್ದು ಒಂದು ಕಣ ತರ್ರಿ ಸಾಕು ಅಂತ. ಮೊನ್ನಿ ಶನಿವಾರ ತಂದು ಕೊಟ್ಟಾರ. ಒಂದ ಗಂಟೆಕ್ಕ ಬರ್ತಾರ," ಎಂದಳು ಪಾರ್ವತೆಮ್ಮ.

ನಾನೇ ಅವಳು ಎಂದು ಹೇಳಬೇಕೆಂದು ಶ್ರೀವಿದ್ಯಾ ಬಾಯಿ ತೆರೆದಳು. ಎದುರಿಗೆ ಆ ಇಬ್ಬರು ಮುಗಿದ ಕೈ ಇಳಿಸದೆ ನಿಂತಿದ್ದರು. ಮುಖವನ್ನೇ ಕಾಣದ ಹೆಣ್ಣಿಗಾಗಿ ಬೆಳಿಗ್ಗೆಯಿಂದ ಹಸಿದು, ನೆಲ ಸಾರಿಸಿ, ಹೆಸರು ಹಿಡಿದು ಕರೆದಿದ್ದರು. ಅವಳ ಅಮೀರ್‌ಪೇಟ್‌ನ ಫ್ಲ್ಯಾಟಿನಲ್ಲಿ ಆ ಹೆಸರನ್ನು ಅಷ್ಟು ಪ್ರೀತಿಯಿಂದ ಕರೆದು ಎಷ್ಟು ಕಾಲವಾಗಿತ್ತು! ಸತ್ತವಳ ಮೇಲೆ ಅವಳಿಗೆ ಹೊಟ್ಟೆಕಿಚ್ಚು ಎದ್ದಿತು. ನೇರಳೆ ಕಣ ಸತ್ತವಳಿಗೆ, ಆರು ತಿಂಗಳ ಶನಿವಾರ ಸತ್ತವಳಿಗೆ, ಅಳು ಕೂಡ ಸತ್ತವಳಿಗೆ. ಬದುಕಿದವಳಿಗೆ ಏನಿತ್ತು? ಒದ್ದೆ ಟವೆಲ್ಲು.

"ಉಣ್ಣು ಯವ್ವಾ. ಎಡಿ ಬಿಡಬಾರದು," ಎಂದಳು ಪಾರ್ವತೆಮ್ಮ.

ಅವಳು ಎತ್ತಿಕೊಂಡಳು. ಕಿವಿಗೆ ಹಿಡಿಯಲಿಲ್ಲ. ಹಿಡಿಯದಿದ್ದರೂ ಬೆರಳ ಕೆಳಗೆ ಅದು ಚಟಚಟ ಎಂದಿತು. ಕಚ್ಚಿದಳು. ಹುಳಿ, ಖಾರ, ಕೊತ್ತಂಬರಿಯ ದಂಟು, ಹಳದಿ ಒಡೆದು ಬ್ರೆಡ್ಡಿಗೆ ಇಳಿದ ಮೊಟ್ಟೆ. ಹಾಳು ನಾಲಿಗೆಗೆ ಸಾವು ಗೊತ್ತೇ, ಬದುಕು ಗೊತ್ತೇ? ಅದು ಅಜ್ಜಿಯದೇ ರುಚಿ ಎಂದು ಕುಣಿಯಿತು. ಎರಡು ವರ್ಷ ಹುಡುಕಿದ್ದು ಸಿಕ್ಕಿತ್ತು. ಅಳುತ್ತಲೇ ಅವಳು ಕೊನೆಯ ಚೂರಿನ ತನಕ ತಿಂದಳು, ಎಲೆಯ ಮೇಲೆ ಬಿದ್ದ ಪುಡಿಯನ್ನೂ ಬಿಡಲಿಲ್ಲ.

"ಖಾರ ಆತೇನ ಯವ್ವಾ?"

"ಹೂಂ. ಖಾರ."

"ನಿನ್ನ ಹೆಸರು ಕೇಳಾಕ ಮರತೆ ನೋಡು."

"ನಳಿನಿ," ಎಂದಳು ಶ್ರೀವಿದ್ಯಾ.

ಹೊರಡುವಾಗ ಪಾರ್ವತೆಮ್ಮ ಇನ್ನೊಂದು ಎಡೆಯನ್ನು ತಗಡಿನ ಮೇಲಿಟ್ಟು ಕಾಗೆಗಾಗಿ ಕೂಗುತ್ತಿದ್ದಳು. ಕಾಗೆ ಬಂದು ಮುಟ್ಟಿದರೆ ಹೋದವರಿಗೆ ತೃಪ್ತಿಯಾಯಿತು ಎಂದು ಲೆಕ್ಕ, ಅಲ್ಲಿಯತನಕ ಉಪವಾಸ ಇದ್ದವರು ಊಟ ಮಾಡುವಂತಿಲ್ಲ. ಆಕಾಶದಲ್ಲಿ ಒಂದು ಪಾರಿವಾಳ ಬಿಟ್ಟರೆ ಏನೂ ಇರಲಿಲ್ಲ. ಬಸ್‌ಸ್ಟಾಪಿನಲ್ಲಿ ನಿಂತಿದ್ದಾಗ ಎದುರು ಬದಿಗೆ ಆಟೊ ಬಂದು ನಿಂತು ದಿನೇಶ ಇಳಿದ. ಬಿಳಿ ಶರ್ಟು, ಬಾಡಿದ ಮುಖ, ಕೈಯಲ್ಲಿ ಎಲೆಯಲ್ಲಿ ಕಟ್ಟಿದ ಮಲ್ಲಿಗೆ. ಅವಳು ಕಂಬದ ಹಿಂದೆ ಸರಿದಳು. ಅವನು ಗಲ್ಲಿಯೊಳಗೆ ಬೇಗ ಬೇಗ ನಡೆದುಹೋದ.

ಸಂಜೆ ಆರಕ್ಕೆ ಅವನು ಮನೆಗೆ ಬಂದಾಗ ಅವಳು ಊಟದ ಮೇಜಿನ ಮುಂದೆ ಕೂತಿದ್ದಳು. ಕೈತುಂಬ ಹಸಿರು ಬಳೆ. ಮೇಜಿನ ಮೇಲೆ ನೇರಳೆ ಕಣ ಬಿಡಿಸಿಟ್ಟಿತ್ತು. ಅವನು ಕಣ ನೋಡಿದ, ಬಳೆ ನೋಡಿದ, ಒಂದು ಶೂ ಬಿಚ್ಚಿದವನು ಇನ್ನೊಂದನ್ನು ಬಿಚ್ಚಲಿಲ್ಲ.

"ಯಾವಾಗ ಸತ್ತೆ ನಾನು?" ಎಂದಳು ಶ್ರೀವಿದ್ಯಾ. ಆಶ್ಚರ್ಯವೆಂದರೆ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

ಅವನು ಗೋಡೆ ಹಿಡಿದು ಕುರ್ಚಿಗೆ ಬಂದು ಕೂತ. "ಅವರು ಪ್ರತಿ ವಾರ ಕೇಳ್ತಿದ್ರು. ಒಂದು ಸಲ ಹೇಳಿಬಿಟ್ಟೆ. ಹೇಳಿದ್ಮೇಲೆ ಅಳು ಬಂತು ಶ್ರೀ, ನಾಟಕ ಅಲ್ಲ, ನಿಜವಾದ ಅಳು. ಆಮೇಲೆ ಬದುಕಿಸೋಕೆ ಆಗಲಿಲ್ಲ."

"ನನ್ನನ್ನು ಅಲ್ಲಿಗೆ ಕರ್ಕೊಂಡು ಹೋಗಬಹುದಿತ್ತು. ಒಂದೇ ಒಂದು ಸಲ."

"ನೀನು ಬಂದಿದ್ರೆ ಅವಳು, ಆ ಸೈಗಾನಿನ ಶ್ರೀ, ಬರ್ತಿರಲಿಲ್ಲ," ಎಂದ ಅವನು.

ಅದು ನಿಜವೆಂದು ಅವಳಿಗೂ ಗೊತ್ತಿತ್ತು. ಬಂದಿದ್ದರೆ ಬಸ್ಸಿನ ನೂಕುನುಗ್ಗಲಿಗೆ, ಹೊಗೆಗೆ, ಸ್ಟೂಲಿನ ಎಣ್ಣೆಜಿಡ್ಡಿಗೆ ಏನಾದರೂ ಅನ್ನುತ್ತಿದ್ದಳು. ಆದರೂ ಅವಳು ಎರಡೂ ಕೈ ಎತ್ತಿದಳು, ಬಳೆಗಳು ಮೊಳಕೈಗೆ ಜಾರಿದವು. "ಒಂದು, ಎರಡು, ಮೂರು," ಎಂದು ಹತ್ತೂ ಬೆರಳು ಬಿಡಿಸಿ ಅವನ ಮುಂದೆ ಹಿಡಿದಳು. ಅವನ ಕೈಗಳು ತೊಡೆಯ ಮೇಲೇ ಇದ್ದವು. ಅವಳು ಕಾಯುವಷ್ಟು ಕಾದಳು. ತೋಳು ನೋಯತೊಡಗಿದ ಮೇಲೆ ಇಳಿಸಿದಳು.

"ಊಟ ಆಯಿತಾ?"

ಅವನು ಇಲ್ಲವೆಂದು ತಲೆಯಾಡಿಸಿದ. "ನಾಲ್ಕು ಗಂಟೆವರೆಗೂ ಕಾದ್ವಿ. ಕಾಗೆ ಮುಟ್ಟಲಿಲ್ಲ. ಪಾರ್ವತೆಮ್ಮನೂ ತಿಂದಿಲ್ಲ, ಅಳ್ತಾ ಕೂತಿದ್ದಾರೆ."

"ಫೋನ್ ಮಾಡಿ ಹೇಳು ಅವರಿಗೆ," ಎಂದಳು ಶ್ರೀವಿದ್ಯಾ. "ಕಾಗೆಗೆ ಕಾಯೋದು ಬೇಡ, ಊಟ ಮಾಡಲಿ. ಶ್ರೀವಿದ್ಯಾ ಬಂದಿದ್ದಳು, ಹೊಟ್ಟೆ ತುಂಬ ಉಂಡು ಹೋದಳು ಅಂತ ಹೇಳು."

ದಸರಾಕ್ಕೆ ಇನ್ನೂ ಹದಿನಾರು ದಿನವಿತ್ತು. ಅವಳು ಒಳಗೆ ಹೋಗಿ ಅಲಮಾರಿನ ಮೇಲಿಂದ ಸೂಟ್‌ಕೇಸ್ ಇಳಿಸಿಕೊಂಡಳು.